ಮೆಸ್‌ರೂಮಿನಲ್ಲಿ ಎತ್ತಿದ ಕೈಗಳು

ಆ ಕಡತ ನನ್ನ ಮೇಜಿಗೆ ಬಂದಾಗ ನಾನು ಮಾಡಿದ ಮೊದಲ ಕೆಲಸವೆಂದರೆ ಅದನ್ನು ನಂಬದೆ ಇದ್ದದ್ದು. ಇದರಲ್ಲಿ ವಿಶೇಷವೇನೂ ಇಲ್ಲ. ತರಕಾರಿಯವನು ತೂಗುವಾಗ ತಕ್ಕಡಿಯ ಕೆಳಗೆ ಬಗ್ಗಿ ನೋಡುವ ಹೆಂಗಸು ನಾನು. "ಇವಳ ಮುಂದೆ ದೇವ್ರು ಪ್ರತ್ಯಕ್ಷ ಆದ್ರೂ ಆಧಾರ್ ತೋರಿಸ್ಬೇಕು" ಎಂದು ನನ್ನ ಗಂಡ ಹಲಸೂರಿನ ನಮ್ಮ ಮನೆಗೆ ಬಂದವರಿಗೆಲ್ಲ ಹೇಳಿ ನಗಿಸುತ್ತಾರೆ. ನಗಲಿ. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವವರು ದಾಖಲೆ ವಿಭಾಗದಲ್ಲಿ ಕೂತರೆ ಹಡಗು ಯಾವುದೋ ಬಂದರಿನಲ್ಲಿ ನಿಂತುಬಿಡುತ್ತದೆ.

ಹೌದು, ಹಡಗೇ. ನಮ್ಮ ಆಫೀಸು ಇರುವುದು ಇಂದಿರಾನಗರದಲ್ಲಿ, ಒಂದು ಹಲ್ಲಿನ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ. ಕಂಪನಿಯ ಯಜಮಾನರು ಕೆ.ಆರ್. ಪುರದಲ್ಲಿ ಪೆಟ್ರೋಲ್ ಲಾರಿಗಳಿಂದ ಶುರುಮಾಡಿ ಆಮೇಲೆ ಸಮುದ್ರಕ್ಕೆ ಇಳಿದವರು. ಈಗ ತೈಲ ಸಾಗಿಸುವ ಕೆಲವು ಟ್ಯಾಂಕರ್ ಹಡಗುಗಳಿವೆ. ಹಡಗು ಎಲ್ಲೆಲ್ಲೋ ಓಡುತ್ತದೆ, ಅದರ ಕಾಗದ ಇಲ್ಲಿ ಓಡುತ್ತದೆ. ಬೋರ್ಡಿನ ಮೇಲೆ ಟ್ಯಾಂಕರ್ ಎಂದು ಬರೆದಿರುವುದರಿಂದ ಬೇಸಿಗೆ ಬಂತೆಂದರೆ ಮಹದೇವಪುರದ ಅಪಾರ್ಟ್‌ಮೆಂಟಿನವರು ಫೋನ್ ಮಾಡಿ, "ಸಂಪ್ ಖಾಲಿ ಆಗಿದೆ, ಅರ್ಜೆಂಟಾಗಿ ಒಂದು ಲೋಡ್ ಕಳಿಸ್ರೀ" ಎನ್ನುತ್ತಾರೆ. ನಮ್ಮದು ನೀರಲ್ಲ, ನೀರಿನ ಮೇಲೆ ಹೋಗುವುದು ಎಂದು ಹೇಳಿ ಹೇಳಿ ಸಾಕಾಗಿದೆ.

ಕಡತದ ವಿಷಯ ಇದು. ಯುದ್ಧವೋ ಅಂಥ ಯಾವುದಾದರೂ ತುರ್ತು ಪರಿಸ್ಥಿತಿಯೋ ಬಂದರೆ ನೌಕಾಪಡೆಗೆ ಇಂಧನ ಒದಗಿಸಲು ಸರ್ಕಾರದ ಹಡಗುಗಳಷ್ಟೇ ಸಾಲುವುದಿಲ್ಲ. ಆಗ ಖಾಸಗಿ ಟ್ಯಾಂಕರ್‌ಗಳೂ ಬರಬೇಕು. ಬರಲು ಸಿದ್ಧವಿರುವ ಹಡಗುಗಳನ್ನು ಮಾಲೀಕರು ಶಾಂತಿಯ ಕಾಲದಲ್ಲೇ ಸ್ವಇಚ್ಛೆಯಿಂದ ನೋಂದಾಯಿಸಿಡಬೇಕು. ನಮ್ಮ ಯಜಮಾನರು ಒಂದು ಹಡಗನ್ನು ಕೊಡಲು ಒಪ್ಪಿದ್ದರು. ಕೊನೆಯ ತೀರ್ಮಾನ ದೆಹಲಿಯದ್ದು. ಕಂಪನಿ ಬೆಂಗಳೂರಿನದಾದ್ದರಿಂದ ಕಾಗದಗಳ ಮೊದಲ ಪರಿಶೀಲನೆ ಮಾತ್ರ ಕಂಟೋನ್ಮೆಂಟ್ ಕಡೆಯ ಒಂದು ಕಚೇರಿಯಲ್ಲಿ ಆಗಬೇಕಿತ್ತು.

"ಮೇಡಂ, ದೇಶದ ಕೆಲಸ ಇದು. ಬೇಗ ಮುಗಿಸ್ಬಿಡಿ" ಎಂದರು ನಮ್ಮ ಮ್ಯಾನೇಜರ್. ನನಗಿಂತ ಚಿಕ್ಕವರು, ಚುರುಕು, ಯಾವಾಗಲೂ ಒಂದು ಕಾಲು ಬಾಗಿಲಾಚೆ ಇಟ್ಟುಕೊಂಡೇ ಮಾತಾಡುವವರು. ದೇಶದ ಹೆಸರು ಹೇಳಿ ಬೇಗ ಮಾಡಿ ಎನ್ನುವವರನ್ನು ಕಂಡರೆ ನನಗೆ ಅನುಮಾನ ಒಂದು ಹಿಡಿ ಜಾಸ್ತಿಯೇ ಆಗುತ್ತದೆ. "ದೇಶದ್ದು ಅಂತಾನೇ ನಿಧಾನಕ್ಕೆ ಮಾಡ್ತೀನಿ ಸರ್" ಎಂದೆ.

ಕಡತದಲ್ಲಿ ಹಡಗಿನದ್ದು, ವಿಮೆಯದ್ದು, ಸಿಬ್ಬಂದಿಯದ್ದು ಎಂದು ಮೂರು ಭಾಗ. ಹಡಗಿನ ಭಾಗದಲ್ಲೇ ಮೊದಲ ಪೆಟ್ಟು ಬಿತ್ತು. ಯಾವ ಟ್ಯಾಂಕಿನಲ್ಲಿ ಎಷ್ಟು ತೈಲ ಹಿಡಿಯುತ್ತದೆ ಎಂದು ತೋರಿಸುವ ನಕ್ಷೆಯನ್ನು ಲಗತ್ತಿಸಿ ಕಳಿಸಿದ್ದೆವು. ಕಂಟೋನ್ಮೆಂಟಿನ ಅಧಿಕಾರಿ ಅದನ್ನು ವಾಪಸ್ ಕಳಿಸಿದರು. ನಕ್ಷೆಯಲ್ಲಿ ಸರಕಿನ ಟ್ಯಾಂಕ್ ಎಂದು ತೋರಿಸಿದ್ದ ಒಂದು ಟ್ಯಾಂಕು, ಹಡಗಿನ ಯೋಗ್ಯತಾ ಪತ್ರದಲ್ಲಿ ಕೊಳಕು ನೀರಿನ ಟ್ಯಾಂಕ್ ಆಗಿತ್ತು. ಹಿಂದೊಮ್ಮೆ ರಿಪೇರಿಗೆ ಹೋದಾಗ, ಟ್ಯಾಂಕ್ ತೊಳೆದ ಎಣ್ಣೆನೀರು ತುಂಬಿಡಲು ಅದನ್ನು ಬದಲಾಯಿಸಿದ್ದರು. ನಕ್ಷೆಯನ್ನು ಬದಲಾಯಿಸುವುದನ್ನು ಯಾರೋ ಮರೆತಿದ್ದರು. ಯುದ್ಧದ ಹಡಗಿಗೆ ಅಷ್ಟು ಇಂಧನ ಕೊಡುತ್ತೇವೆ ಎಂದು ಬರೆದುಕೊಟ್ಟು, ಕರೆ ಬಂದ ದಿನ ಗಲೀಜು ನೀರು ಕೊಟ್ಟ ಹಾಗಾಗುತ್ತಿತ್ತು. ಹೊಸ ನಕ್ಷೆ ಮಾಡಿಸಿ ತಪಾಸಣಾ ಸಂಸ್ಥೆಯ ಮುದ್ರೆ ಬೀಳುವಷ್ಟರಲ್ಲಿ ಸಾಕುಸಾಕಾಯಿತು.

ಅದಾದ ಮೇಲೆ ಪಂಪಿನ ಸರದಿ. ಸಮುದ್ರದ ಮಧ್ಯೆ ಎರಡು ಹಡಗು ಅಕ್ಕಪಕ್ಕ ಓಡುತ್ತಾ ಕೊಳವೆ ಜೋಡಿಸಿ ಇಂಧನ ಕೊಡುವುದೆಂದರೆ ಬಂಕಿನಲ್ಲಿ ಸ್ಕೂಟರಿಗೆ ಪೆಟ್ರೋಲ್ ಹಾಕಿದ ಹಾಗಲ್ಲ. ಕೊಳವೆಯ ಬಾಯಿಯ ಅಗಲ, ಪಂಪಿನ ಒತ್ತಡ, ತೈಲ ಹರಿಯುವ ವೇಗ ಎಲ್ಲವೂ ಕಾಗದದಲ್ಲಿ ಇದ್ದಂತೆಯೇ ಹಡಗಿನಲ್ಲೂ ಇರಬೇಕು. ಹಡಗಿನ ಪಂಪ್‌ಮ್ಯಾನ್ ಅವನ್ನೆಲ್ಲ ಅಳೆದು ಕಳಿಸಿದರು. ತೈಲ ತುಂಬುವ, ಇಳಿಸುವ ಪಂಪುಗಳನ್ನು ನೋಡಿಕೊಳ್ಳುವ ಕೆಲಸ ಅವರದು. ಶಿವಾಜಿನಗರದವರು. ಹಡಗು ಹತ್ತುವ ಮೊದಲು ಆಫೀಸಿಗೆ ಬಂದಾಗಲೆಲ್ಲ "ಹೇಗಿದ್ದೀರಾ ಮೇಡಂ, ಹಲಸೂರು ಕೆರೆ ಹೇಗಿದೆ?" ಎಂದು ಕೇಳುತ್ತಿದ್ದರು. ಅದಷ್ಟೇ ನಮ್ಮ ಪರಿಚಯ.

ಯುದ್ಧಕಾಲದ ವಿಮೆಯ ಭಾಗಕ್ಕೂ ಹೀಗೇ ತಿರುಗಾಟವಾಯಿತು. ಸಿಬ್ಬಂದಿಯ ಭಾಗ ಮಾತ್ರ ನಾನು ಕೈ ಹಾಕುವ ಮೊದಲೇ ಸಿದ್ಧವಾಗಿತ್ತು. ಹಡಗಿನಲ್ಲಿರುವ ಪ್ರತಿಯೊಬ್ಬರೂ, ಕರೆ ಬಂದರೆ ಹಡಗಿನ ಜೊತೆ ಹೋಗಲು ನನ್ನ ಒಪ್ಪಿಗೆ ಇದೆ ಎಂದು ಬರೆದುಕೊಡಬೇಕು. ಹೆಸರು ಒಮ್ಮೆ ಒಳಗೆ ಹೋಯಿತೆಂದರೆ, ಕರೆ ಬಂದ ಮೇಲೆ ಒಲ್ಲೆ ಎಂದು ಇಳಿಯುವ ಹಾಗಿಲ್ಲ. ಅಂಥ ಪತ್ರಕ್ಕೆ ಒಬ್ಬರೂ ಬಿಡದೆ ಎಲ್ಲರೂ ಸಹಿ ಹಾಕಿದ್ದರು.

"ಇದೊಂದನ್ನ ನಾನೇ ಮಾಡಿಸ್ಬಿಟ್ಟಿದ್ದೀನಿ ಮೇಡಂ, ಸ್ಕ್ಯಾನ್ ಕಾಪಿ ಅಪ್‌ಲೋಡೂ ಆಗಿದೆ" ಎಂದು ಮ್ಯಾನೇಜರ್ ಹೇಳಿದಾಗ ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಸಂಬಳದ ಸ್ಲಿಪ್ಪಿಗೆ ಸಹಿ ಹಾಕಿ ಎಂದರೂ ಹತ್ತು ಪ್ರಶ್ನೆ ಕೇಳುವ ಜನ ನಮ್ಮ ಹಡಗಿನವರು. ಯುದ್ಧಕ್ಕೆ ಹೋಗುವ ಪತ್ರಕ್ಕೆ ಒಬ್ಬನೂ ಕೆಮ್ಮಲಿಲ್ಲವೇ? ಪಾಸ್‌ಪೋರ್ಟ್ ಪ್ರತಿಗಳ ಪಕ್ಕ ಇಟ್ಟು ನೋಡಿದೆ. ಸಹಿಗಳೆಲ್ಲ ಅವರವರದ್ದೇ. ಹಿಡಿಯಲು ಜುಟ್ಟು ಸಿಗಲಿಲ್ಲ. ಹೆಸರುಗಳು ಪೊಲೀಸ್ ಪರಿಶೀಲನೆಗೆ ಹೋದವು.

ಒಂದು ಮಧ್ಯಾಹ್ನ ಪಂಪ್‌ಮ್ಯಾನ್ ಅವರ ಹೆಂಡತಿ ಆಫೀಸಿಗೆ ಬಂದರು. ಫ್ರೇಜರ್ ಟೌನಿನ ಶಾಲೆಯೊಂದರಲ್ಲಿ ಗಣಿತದ ಟೀಚರ್. ಶಾಲೆಯಿಂದ ನೇರವಾಗಿ ಬಂದಿದ್ದರು, ಕೈಯ ಮೇಲೆ ಇನ್ನೂ ಸೀಮೆಸುಣ್ಣದ ಪುಡಿ ಇತ್ತು. ಕೂರಿ ಎಂದರೂ ಕೂರಲಿಲ್ಲ.

"ನಮ್ಮ ಯಜಮಾನ್ರು ನಿಮ್ಮ ಶಿಪ್ಪಲ್ಲಿ ಪಂಪ್‌ಮ್ಯಾನು. ಶಿಪ್ ಈಗ ಎಲ್ಲಿದೆ ಮೇಡಂ?"

ರಕ್ಷಣಾ ನೋಂದಣಿಯಲ್ಲಿರುವ ಹಡಗು ಎಲ್ಲಿದೆ ಎಂದು ಯಾರೋ ಬಂದು ಕೇಳಿದರೆ ಹೇಳಿಬಿಡಲು ನನಗೇನು ತಲೆ ಕೆಟ್ಟಿದೆಯೇ? ಐಡಿ ಕಾರ್ಡ್ ಕೇಳಿದೆ. ತೋರಿಸಿದರು. ಅದನ್ನು ನಮ್ಮಲ್ಲಿದ್ದ ನಾಮಿನಿ ಹೆಸರಿಗೆ ಹೋಲಿಸಿ ನೋಡಿದೆ. ಅವರು ಅದನ್ನೂ ನೋಡುತ್ತಾ ನಿಂತಿದ್ದರು.

"ಅವರಿಗೇ ಫೋನ್ ಮಾಡಿ ಕೇಳಬಹುದಲ್ಲ?" ಎಂದೆ.

"ಅವರು ಹೇಳೋದನ್ನ ನಂಬೋಕಾಗ್ತಿಲ್ಲ ಅಂತಾನೇ ಇಲ್ಲಿಗೆ ಬಂದಿರೋದು."

ಈ ಒಂದು ಮಾತಿಗೆ ನನಗೆ ಆಕೆಯ ಮೇಲೆ ಗೌರವ ಬಂತು. ಕುರ್ಚಿ ಎಳೆದುಕೊಟ್ಟೆ. ನೀರು ಕುಡಿದು ನಡೆದದ್ದನ್ನು ಹೇಳಿದರು. ಮನೆಗೆ ಪೊಲೀಸರು ಮತ್ತೆ ಮತ್ತೆ ಬರುತ್ತಿದ್ದರು. ಅದಕ್ಕೆ ಕಾರಣವೂ ಇತ್ತು, ಪಾಸ್‌ಪೋರ್ಟಿನಲ್ಲಿ ಇದ್ದದ್ದು ಹಳೆಯ ಬಾಡಿಗೆ ಮನೆಯ ವಿಳಾಸ. ಆದರೆ ಕೆಳಗಿನ ಅಂಗಡಿಯವನಿಗೂ ಎದುರುಮನೆಯವರಿಗೂ ವಿಳಾಸದ ಕಥೆ ಯಾರು ಹೇಳುತ್ತಾರೆ? ಪೊಲೀಸ್ ಬಂದಿದ್ದರಂತೆ ಎನ್ನುವಲ್ಲಿಗೆ ಅವರ ಕಥೆ ಮುಗಿಯುತ್ತದೆ.

"ಮೊದ್ಲು ನಾನೂ ಹೆದರ್ಕೊಂಡೆ ಮೇಡಂ. ಇವರು ಅಲ್ಲೇನಾದ್ರೂ ಮಾಡ್ಕೊಂಡ್ರಾ ಅಂತ. ಆಮೇಲೆ ಆ ಕಾನ್‌ಸ್ಟೇಬಲ್ಲೇ ಹೇಳಿದ್ರು, 'ಟೀಚರಮ್ಮ, ನಿಮ್ಮ ಯಜಮಾನ್ರು ಮಿಲಿಟರಿ ಕೆಲ್ಸಕ್ಕೆ ತಾವೇ ಹೆಸರು ಕೊಟ್ಟಿದ್ದಾರಲ್ಲ, ನಿಮಗೆ ಗೊತ್ತಿಲ್ವಾ?' ಅಂತ. ನನಗೆ ಗೊತ್ತಿಲ್ಲ! ಇವರನ್ನ ಕೇಳಿದ್ರೆ ಏನೂ ಇಲ್ಲ, ಸುಮ್ನೆ ಕಾಗದದ ಕೆಲ್ಸ ಅಂತಾರೆ. ಹೋದ ಕಾಂಟ್ರ್ಯಾಕ್ಟಲ್ಲಿ ಇವರ ಕಣ್ಣೆದುರಿಗೆ ಪಕ್ಕದ ಶಿಪ್ಪಿಗೆ ಡ್ರೋನ್ ಬಡೀತು. ಮನೆಗೆ ಬಂದ್ಮೇಲೆ ನಾನು ಮಿಕ್ಸಿ ಹಾಕಿದ್ರೂ ಎದ್ದು ಮಹಡಿಗೆ ಹೋಗೋರು. ಇದೊಂದು ಸಲ ಹೋಗಿಬರ್ತೀನಿ, ಆಮೇಲೆ ಇಲ್ಲೇ ಮೋಟಾರ್ ವೈಂಡಿಂಗ್ ಅಂಗಡಿ ಹಾಕ್ತೀನಿ ಅಂತ ನನ್ನ ಕೈ ಹಿಡ್ಕೊಂಡು ಹೇಳಿ ಹೋಗಿದ್ದಾರೆ. ಅಂಥ ಮನುಷ್ಯ ಯುದ್ಧಕ್ಕೆ ಹೆಸರು ಕೊಡ್ತಾರಾ? ನೀವೇ ಏನೋ ಸಹಿ ಹಾಕಿಸ್ಕೊಂಡಿದ್ದೀರಿ."

ಅವರನ್ನು ಕೂರಿಸಿ ನಾನು ಒಳಗಿನ ಕಬ್ಬಿಣದ ಬೀರು ತೆಗೆದೆ. ನಮ್ಮ ಆಫೀಸಿನಲ್ಲಿ ಒಂದು ರೂಢಿಯಿದೆ. ಹಡಗು ಹತ್ತುವ ಮೊದಲು ಪ್ರತಿಯೊಬ್ಬರಿಂದ ಕೆಲವು ಖಾಲಿ ಹಾಳೆಗಳಿಗೆ ಸಹಿ ಮಾಡಿಸಿಟ್ಟುಕೊಳ್ಳುತ್ತೇವೆ. ಬ್ಯಾಂಕಿಗೆ ಪತ್ರ, ಪಿಎಫ್ ನಾಮಿನೇಷನ್, ವಿಮೆಯ ಅರ್ಜಿ ಎಂದು ಏನಾದರೂ ಬಂದರೆ ನಡುಸಮುದ್ರದಲ್ಲಿರುವವರ ಸಹಿಗೆ ಎಲ್ಲಿ ಅಲೆಯುವುದು? ಅವರೂ ಬೇಜಾರಿಲ್ಲದೆ ಹಾಕಿಕೊಡುತ್ತಾರೆ. ನಾನೂ ಎಷ್ಟೋ ಸಲ ಆ ಹಾಳೆಗಳ ಮೇಲೆ ಬ್ಯಾಂಕಿನ ಪತ್ರ ಟೈಪು ಮಾಡಿಸಿದ್ದೇನೆ. ಆ ಹಡಗಿನ ಕಟ್ಟು ತೆಗೆದು ನೋಡಿದರೆ ಎಲ್ಲರ ಕವರಿನಲ್ಲೂ ಒಂದೊಂದು ಹಾಳೆ ಕಡಿಮೆಯಾಗಿತ್ತು.

ಮ್ಯಾನೇಜರ್ ಹತ್ತಿರ ಹೋಗಿ ನೇರವಾಗಿ ಕೇಳಿದೆ. ಅವರು ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯಲ್ಲ, ತಕ್ಷಣ ಒಪ್ಪಿಕೊಂಡರು.

"ಹೌದು, ಆ ಶೀಟ್‌ಗಳೇ. ಇದೇನು ಹೊಸದಾ ಮೇಡಂ? ಆದ್ರೆ ಕೇಳ್ದೇನೇ ಹಾಕಿಲ್ಲ. ಕ್ಯಾಪ್ಟನ್ ಮೇಲ್ ಇದೆ ನೋಡಿ."

ಮೇಲ್ ಇತ್ತು. ಕ್ಯಾಪ್ಟನ್ ಎಲ್ಲರನ್ನೂ ಮೆಸ್‌ರೂಮಿನಲ್ಲಿ, ಅಂದರೆ ಊಟದ ಕೋಣೆಯಲ್ಲಿ, ಸೇರಿಸಿ ವಿಷಯ ಹೇಳಿದ್ದರು. ಒಪ್ಪಿಗೆ ಇದ್ದವರು ಕೈ ಎತ್ತಿ ಎಂದಿದ್ದರು. ಎಲ್ಲರೂ ಎತ್ತಿದ್ದರು. ಅದನ್ನು ಓದಿದಾಗ ನನಗೆ ಸಿಟ್ಟು ನೆತ್ತಿಗೇರಿತು. ಮುಂದಿನ ಕಾಂಟ್ರ್ಯಾಕ್ಟಿಗೆ ಶಿಫಾರಸು ಬರೆಯುವ ಮನುಷ್ಯ ಎದುರಿಗೆ ನಿಂತು ಕೇಳಿದರೆ ಯಾವನು ಕೈ ಎತ್ತದೆ ಇರುತ್ತಾನೆ?

ಹೊರಗೆ ಬಂದು, "ನೀವು ಅಂದಿದ್ದು ನಿಜ. ಆ ಪತ್ರಕ್ಕೆ ನಿಮ್ಮ ಯಜಮಾನರು ಸಹಿ ಹಾಕಿಲ್ಲ" ಎಂದೆ. ಆಕೆ ಉಸಿರು ಬಿಟ್ಟರು. ಮೆಸ್‌ರೂಮಿನಲ್ಲಿ ಕೈ ಎತ್ತಿಸಿದ್ದನ್ನೂ ಹೇಳಿದೆ. ಹಡಗಿನ ವೈಫೈ ಅದೃಷ್ಟಕ್ಕೆ ಚೆನ್ನಾಗಿತ್ತು, ವಿಡಿಯೋ ಕಾಲ್ ಹಚ್ಚಿ ಫೋನನ್ನು ಮೇಜಿನ ಮೇಲೆ ನಿಲ್ಲಿಸಿದೆ. ಪಂಪ್‌ಮ್ಯಾನ್ ಕೆಲಸದ ಬಾಯ್ಲರ್ ಸೂಟಿನಲ್ಲೇ ಇದ್ದರು. ಹೆಂಡತಿಯನ್ನು ನಮ್ಮ ಆಫೀಸಿನಲ್ಲಿ ಕಂಡು ಮುಖ ಸಣ್ಣದಾಯಿತು. ಆಕೆ ಕೇಳಿದ್ದು ಒಂದೇ. ಆ ಮೆಸ್‌ರೂಮಿನಲ್ಲಿ ಬಲವಂತ ಮಾಡಿದರಾ?

"ಇಲ್ಲ" ಎಂದರು. "ನಾನೇ ಎತ್ತಿದೆ. ಎಲ್ಲರಿಗಿಂತ ಮುಂಚೆ ನಾನೇ ಎತ್ತಿದ್ದು."

"ಮೇರೆಕು ಕಾಯ್ಕು ನೈ ಬೋಲೇ?" ನನಗೆ ಯಾಕೆ ಹೇಳಲಿಲ್ಲ ಎಂದು ಆಕೆ ಮತ್ತೆ ಮತ್ತೆ ಕೇಳಿದರು. ಹಲಸೂರಿನಲ್ಲಿ ಹುಟ್ಟಿ ಬೆಳೆದವಳಿಗೆ ದಖನಿ ಉರ್ದುವನ್ನು ಬಿಡಿಸಿ ಹೇಳಬೇಕಿಲ್ಲ, ಆದರೂ ಅರ್ಥವಾಗದವಳ ಹಾಗೆ ಕಂಪ್ಯೂಟರ್ ನೋಡುತ್ತಾ ಕೂತೆ. ಆಕೆ ಬ್ಯಾಗ್ ತೆಗೆದುಕೊಂಡು ಎದ್ದರು. "ನಿಮ್ಮದೇ ಮೋಸ ಅಂತ ಬಂದಿದ್ದೆ ಮೇಡಂ. ಅದಾದ್ರೂ ಆಗಿದ್ರೆ ಚೆನ್ನಾಗಿತ್ತು" ಎಂದು ಹೇಳಿ ಮೆಟ್ಟಿಲಿಳಿದರು.

ಆಕೆ ಹೋದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ. ಡ್ರೋನ್ ಕಂಡವನು, ಮಿಕ್ಸಿ ಸದ್ದಿಗೆ ಎದ್ದುಹೋಗುವವನು, ಎಲ್ಲರಿಗಿಂತ ಮುಂಚೆ ಕೈ ಎತ್ತುತ್ತಾನೆಯೇ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಪೈಕಿ ನಾನಲ್ಲ. ಸಿಬ್ಬಂದಿಯ ಭಾಗವನ್ನು ಕಡತದಿಂದ ವಾಪಸ್ ಪಡೆಯುತ್ತೇನೆ, ಒಬ್ಬೊಬ್ಬರನ್ನೂ ನಾನೇ ಮತ್ತೆ ಕೇಳುತ್ತೇನೆ ಎಂದು ಮ್ಯಾನೇಜರ್‌ಗೆ ಹೇಳಿದೆ. ಅವರು ತಲೆಯ ಮೇಲೆ ಕೈ ಹೊತ್ತುಕೊಂಡರು.

"ಮೇಡಂ, ಅರ್ಧದಷ್ಟು ಜನ ಬೇಡ ಅಂದ್ರೆ ಯಜಮಾನ್ರಿಗೆ ಏನ್ ಹೇಳ್ಲಿ?"

"ಬೇಡ ಅಂದ್ರು ಅಂತ ಹೇಳಿ ಸರ್. ನಾಳೆ ಕರೆ ಬಂದು, ನಾನು ಸಹಿನೇ ಹಾಕಿಲ್ಲ ಅಂತ ಒಬ್ಬ ಕೋರ್ಟಿಗೆ ಹೋದ್ರೆ ಆಗ ಏನ್ ಹೇಳ್ತೀರಿ?"

ದೇಶಕ್ಕೆ ಅಲುಗದವರು ಕೋರ್ಟಿಗೆ ಅಲುಗುತ್ತಾರೆ. ಮಾರನೆಯ ದಿನ ನಾನು ಕಂಟೋನ್ಮೆಂಟಿಗೆ ಹೋದೆ. ಬೈಯುತ್ತಾರೆ ಎಂದು ಗಟ್ಟಿಮನಸ್ಸು ಮಾಡಿಕೊಂಡು ಹೋಗಿದ್ದೆ. ಟ್ಯಾಂಕಿನ ನಕ್ಷೆ ವಾಪಸ್ ಕಳಿಸಿದ್ದ ಅದೇ ಅಧಿಕಾರಿ ಕನ್ನಡಕ ತೆಗೆದಿಟ್ಟು ಕೇಳಿಸಿಕೊಂಡರು.

"ಕೈ ಎತ್ತಿಸಿ ಒಪ್ಪಿಗೆ ತಗೊಂಡ್ರಾ? ಸ್ಕೂಲ್ ಪಿಕ್‌ನಿಕ್ಕಾ ಇದು?" ಎಂದರು. "ನೋಡಿ ಅಮ್ಮಾ, ಬೇಡ ಅನ್ನೋದು ತಪ್ಪಲ್ಲ. ಅವರ ಬದಲಿಗೆ ಬೇರೆ ಹೆಸರು ಕೊಡಿ, ಅಷ್ಟೇ. ಮನಸ್ಸಿಲ್ಲದವನನ್ನ ಅಲ್ಲಿಗೆ ಕಳಿಸಿದ್ರೆ ಅವನಿಗೂ ಅಪಾಯ, ಪಕ್ಕದಲ್ಲಿರೋ ನಮ್ಮ ಹಡಗಿಗೂ ಅಪಾಯ. ಒಬ್ಬೊಬ್ಬರನ್ನೇ ಕೇಳಿ. ಒಬ್ಬರ ಉತ್ತರ ಇನ್ನೊಬ್ಬರಿಗೆ ಗೊತ್ತಾಗ್ಬಾರ್ದು. ಅದು ರೂಲು."

ರೂಲು ಚೆನ್ನಾಗಿಯೇ ಇತ್ತು. ಅದರಲ್ಲಿ ಹುಳುಕು ಹುಡುಕುತ್ತಾ ವಾಪಸ್ ಬಂದೆ, ಸಿಗಲಿಲ್ಲ.

ಕೇಳುವ ಕೆಲಸ ಶುರುವಾಯಿತು. ಹಡಗಿನಲ್ಲಿ ಯಾರ ಪಾಳಿ ಮುಗಿದಿದೆಯೋ ಅವರು ತಮ್ಮ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಮಾತಾಡಬೇಕು. ಪಕ್ಕದಲ್ಲಿ ಯಾರೂ ಇಲ್ಲ ಎಂದು ಫೋನನ್ನು ಸುತ್ತಲೂ ತಿರುಗಿಸಿ ತೋರಿಸಬೇಕು. ಪತ್ರವನ್ನು ನಾನು ಪೂರ್ತಿ ಓದಿ ಹೇಳುತ್ತಿದ್ದೆ. ಕರೆ ಬಂದರೆ ಏನಾಗುತ್ತದೆ, ಇಳಿಯುವ ಹಾಗಿಲ್ಲ ಎಂದರೆ ಏನು ಎಂಬುದನ್ನು ಬಿಡಿಸಿ ಹೇಳುತ್ತಿದ್ದೆ. ಒಪ್ಪಿದವರು ಅಲ್ಲೇ ಸಹಿ ಹಾಕಿ ಕಳಿಸುತ್ತಿದ್ದರು, ಬೇಡ ಎಂದವರ ಹೆಸರಿನ ಮುಂದೆ ನಾನು ಕಾರಣ ಬರೆದುಕೊಳ್ಳಬೇಕಿತ್ತು.

ಬಾಗಿಲು ಮುಚ್ಚಿದ ಕೂಡಲೇ ಬಾಯಿ ತೆರೆದವು. ಡೆಕ್ಕಿನ ಕೆಲಸಗಾರರ ಮುಖ್ಯಸ್ಥ ಸಾರಂಗ್, ಪ್ರಶ್ನೆ ಮುಗಿಯುವ ಮೊದಲೇ "ಬೇಡ ಮೇಡಂ, ನಂಗೆ ಭಯ" ಎಂದುಬಿಟ್ಟರು. ಅಡುಗೆಯವರು ತಂಗಿಯ ಮದುವೆ ಇದೆ ಎಂದರು. ಒಬ್ಬ ಎಂಜಿನಿಯರ್ "ಆವತ್ತು ಎಲ್ಲರೂ ಎತ್ತಿದ್ರಲ್ಲ, ನಾನೂ ಎತ್ತಿದೆ" ಎಂದು ನಕ್ಕರು. ನಿಜವಾಗಿಯೂ ಮನಸ್ಸಿಟ್ಟು ಒಪ್ಪಿದವರೂ ಇದ್ದರು, ಅವರ ದನಿಯಲ್ಲೇ ಅದು ತಿಳಿಯುತ್ತಿತ್ತು. ಆದರೂ ಬೇಡ ಎಂದವರೇ ಹೆಚ್ಚಾದರು. ಎಲ್ಲರ ಕಾರಣದ ಜಾಗದಲ್ಲೂ 'ವೈಯಕ್ತಿಕ' ಎಂದು ಬರೆಯುತ್ತಾ ಹೋದೆ. ಭಯವೂ ವೈಯಕ್ತಿಕವೇ, ತಂಗಿಯ ಮದುವೆಯೂ ವೈಯಕ್ತಿಕವೇ.

ಪಂಪ್‌ಮ್ಯಾನ್ ಸರದಿ ಬಂತು. ಕ್ಯಾಬಿನ್ ತೋರಿಸಿದರು, ಮಂಚ ತೋರಿಸಿದರು. ಪತ್ರ ಓದಿದೆ. ಕೊನೆಯವರೆಗೂ ಕೇಳಿ, "ಬೇರೆಯವರೆಲ್ಲ ಏನಂದ್ರು ಮೇಡಂ?" ಎಂದರು.

"ಅದನ್ನ ಹೇಳೋ ಹಾಗಿಲ್ಲ."

"ಸರಿ. ಹಾಗಾದ್ರೆ ಒಪ್ಪಿಗೆ ಅಂತ ಬರ್ಕೊಳ್ಳಿ."

ನಾನು ಬರೆಯಲಿಲ್ಲ. "ನಿಜವಾಗ್ಲೂ ಒಪ್ಪಿಗೆನಾ? ಮನೇಲಿ ಟೀಚರ್ ಜೊತೆ ಮಾತಾಡಿದ್ರಾ?"

"ಅವಳು ಮಾತಾಡ್ತಿಲ್ಲ." ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಮೇಡಂ, ನೀವು ಹಲಸೂರಿನೋರು, ನಾನು ಶಿವಾಜಿನಗರದೋನು. ನಿಮಗೆ ಬಿಡಿಸಿ ಹೇಳ್ಬೇಕಾ? ಬೇರೆಯವರು ಬೇಡ ಅಂದ್ರೆ, ಪಾಪ, ಭಯ ಇರ್ಬೇಕು, ಮನೇಲಿ ಏನೋ ತೊಂದ್ರೆ ಇರ್ಬೇಕು ಅಂತಾರೆ. ನಾನು ಬೇಡ ಅಂದ್ರೆ? ನಂಗೂ ಭಯ ಇರ್ಬಹುದು ಅಂತ ಯಾರಾದ್ರೂ ಅಂತಾರಾ? ನನ್ನ ಹೆಸರು ನೋಡ್ತಾರೆ, ಆಮೇಲೆ ಉತ್ತರ ನೋಡ್ತಾರೆ. ಅದಕ್ಕೇ ಆವತ್ತು ಎಲ್ಲರಿಗಿಂತ ಮುಂಚೆ ಎತ್ತಿದ್ದು. ತಡವಾಗಿ ಎತ್ತಿದ್ರೂ ನೋಡ್ತಾರೆ."

ಆ ಟೀಚರ್ ಬಂದು ನಿಂತಿದ್ದಾಗ ನಾನು ಐಡಿ ಕೇಳಿದ್ದು ನೆನಪಾಯಿತು. ನಾನು ಎಲ್ಲರನ್ನೂ ಕೇಳುತ್ತೇನೆ, ಅದು ನಿಜ. ಆದರೆ ಆಕೆಗೆ ಅದು ಹೇಗೆ ಗೊತ್ತಾಗಬೇಕು? ನನ್ನ ಅನುಮಾನ ನನಗೆ ಸ್ವಭಾವ, ಮನೆಯಲ್ಲಿ ನಗಲು ಒಂದು ವಿಷಯ. ಇವರು ಊರಿನ ಅನುಮಾನವನ್ನೆಲ್ಲ ಮುಂಚೆಯೇ ಲೆಕ್ಕಹಾಕಿ ಕೈ ಎತ್ತಬೇಕು.

ರೂಲು ನನ್ನ ಕಣ್ಣೆದುರಿಗೇ ಇತ್ತು. ಒಬ್ಬರ ಉತ್ತರ ಇನ್ನೊಬ್ಬರಿಗೆ ಗೊತ್ತಾಗಬಾರದು. ಯಾರೂ ಯಾರನ್ನೂ ನೋಡಿ ಹೇಳದಿರಲಿ ಎಂದು ಮಾಡಿದ ರೂಲು. ಮುಚ್ಚಿದ ಬಾಗಿಲು ಉಳಿದವರಿಗೆಲ್ಲ ಧೈರ್ಯ ಕೊಟ್ಟಿತ್ತು, ಈ ಒಬ್ಬರನ್ನು ಮಾತ್ರ ಒಂಟಿ ಮಾಡಿತ್ತು. ಆ ಖಾಲಿ ಹಾಳೆಗಳ ರೂಢಿಯೊಂದನ್ನು ಬಿಟ್ಟರೆ, ಇಷ್ಟು ವರ್ಷ ಕಾಗದದ ಕೆಲಸದಲ್ಲಿ ಗೊತ್ತಿದ್ದೂ ರೂಲು ಮುರಿದವಳಲ್ಲ ನಾನು. ಎದ್ದು ಹೋಗಿ ನಮ್ಮ ಕೋಣೆಯ ಬಾಗಿಲನ್ನೂ ಹಾಕಿ ಬಂದೆ.

"ಬೇಡ ಅಂದವರೇ ಜಾಸ್ತಿ" ಎಂದೆ. "ಹೆಸರು ಕೇಳಬೇಡಿ."

ಅವರು ಫೋನನ್ನು ಮುಖದ ಹತ್ತಿರ ತಂದರು.

"ಅವರದ್ದೆಲ್ಲ ಕಾರಣ ಅಂತ ಏನು ಬರೆದ್ರಿ?"

"ವೈಯಕ್ತಿಕ."

"ಎಲ್ಲರದ್ದೂ?"

"ಎಲ್ಲರದ್ದೂ ಅದೇ. ಬೇರೆ ಒಂದಕ್ಷರ ಇಲ್ಲ."

ಅವರು ಕೈಯಿಂದ ಮುಖ ಒರೆಸಿಕೊಂಡರು, ಎರಡು ಸಲ.

"ಹಾಗಾದ್ರೆ ಬರ್ಕೊಳ್ಳಿ ಮೇಡಂ," ಎಂದರು. "ನನಗೂ ಬೇಡ."